ಲೌಡನ್ ಶಾಲೆಗಳ ಜಗಳ: ವಿಡಿಯೊ ಹಂಚುವ ಮೊದಲು ಮಗುವಿನ ಪಾಠದ ಹಾಳೆ ನೋಡಿದ್ದೀರಾ?

ಆಶ್‌ಬರ್ನ್ ಅಮ್ಮ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ.

ಕಳೆದ ವಾರ ನಮ್ಮ ಕನ್ನಡ ಪೋಷಕರ ವಾಟ್ಸಾಪ್ ಗುಂಪಿಗೆ ಒಂದು ವಿಡಿಯೊ ಬಂತು. ಎರಡು ನಿಮಿಷದ್ದು. ವರ್ಜೀನಿಯಾದ ನಮ್ಮ ಲೌಡನ್ ಕೌಂಟಿ ಸ್ಕೂಲ್ ಬೋರ್ಡ್ ಸಭೆ, ಮೈಕ್ ಮುಂದೆ ಒಬ್ಬ ತಾಯಿ, ಕಪ್ಪು-ಬಿಳಿ ಭೇದದ ಪಾಠಗಳ ಬಗ್ಗೆ ಸಿಟ್ಟಿನ ದನಿ, ಕೆಳಗೆ ‘ನಿಮ್ಮ ಮಕ್ಕಳ ತಲೆಗೆ ಏನು ತುಂಬುತ್ತಿದ್ದಾರೆ ನೋಡಿ’ ಎಂದು ದಪ್ಪ ಅಕ್ಷರ. ಅರ್ಧ ಗಂಟೆಯಲ್ಲಿ ನಲವತ್ತು ಮೆಸೇಜ್. ಮಕ್ಕಳನ್ನು ಪ್ರೈವೇಟ್ ಶಾಲೆಗೆ ಹಾಕೋಣ ಎಂದರು ಒಬ್ಬರು. ಊರಿಗೆ ವಾಪಸ್ ಹೋಗುವುದೇ ವಾಸಿ ಎಂದರು ಇನ್ನೊಬ್ಬರು. ಅದು 2021ರ ವಿಡಿಯೊ. ಯಾರೂ ದಿನಾಂಕ ನೋಡಿರಲಿಲ್ಲ, ಮೊದಲಿಗೆ ನಾನೂ ನೋಡಿರಲಿಲ್ಲ.

ಅದೇ ರಾತ್ರಿ ನಾಲ್ಕನೇ ಕ್ಲಾಸಿನ ಮಗಳು ಊಟದ ಮೇಜಿನ ಮೇಲೆ ವರ್ಜೀನಿಯಾ ಚರಿತ್ರೆಯ ಹಾಳೆ ಇಟ್ಟುಕೊಂಡು ಕೂತಿದ್ದಳು. ಪ್ರಿನ್ಸ್ ಎಡ್ವರ್ಡ್ ಕೌಂಟಿ ಬಗ್ಗೆ ನಾಲ್ಕೈದು ಸಾಲು. ಕಪ್ಪು ಮಕ್ಕಳನ್ನೂ ಬಿಳಿ ಮಕ್ಕಳನ್ನೂ ಒಂದೇ ಶಾಲೆಯಲ್ಲಿ ಕೂರಿಸಬೇಕು ಎಂದು ಕೋರ್ಟ್ ಹೇಳಿದ್ದಕ್ಕೆ, ಆ ಕೌಂಟಿಯವರು 1959ರಲ್ಲಿ ಸರ್ಕಾರಿ ಶಾಲೆಗಳನ್ನೇ ಮುಚ್ಚಿಬಿಟ್ಟರು. ಮತ್ತೆ ತೆರೆದದ್ದು 1964ರಲ್ಲಿ. ನನ್ನ ಮಗಳು ಹಾಳೆಯ ಅಂಚಿನಲ್ಲಿ ಪೆನ್ಸಿಲ್‌ನಿಂದ 1964ರಲ್ಲಿ 1959 ಕಳೆದು 5 ಎಂದು ಬರೆದು, ಅದರ ಸುತ್ತ ಎರಡು ಸಲ ಗೆರೆ ಎಳೆದಿದ್ದಳು. ‘ಅಮ್ಮಾ, ಐದು ವರ್ಷ ಅಂದ್ರೆ ನಾನು ಕಿಂಡರ್‌ಗಾರ್ಟನ್ ಸೇರಿದಾಗಿನಿಂದ ಇಲ್ಲೀವರೆಗೆ ಅಲ್ವಾ? ಅಷ್ಟು ದಿನ ಆ ಮಕ್ಕಳು ಎಲ್ಲಿಗೆ ಹೋದ್ರು?’

ನನಗೆ ಗೊತ್ತಿರಲಿಲ್ಲ. ಹುಡುಕಿ ಓದಿದೆ. ಬಿಳಿ ಮಕ್ಕಳಿಗೆ ಬೇಗನೆ ಒಂದು ಖಾಸಗಿ ಶಾಲೆ ಎದ್ದಿತು. ಕಪ್ಪು ಮಕ್ಕಳಲ್ಲಿ ಕೆಲವರು ಚರ್ಚ್‌ಗಳಲ್ಲಿ ಅಷ್ಟಿಷ್ಟು ಕಲಿತರು, ಕೆಲವರನ್ನು ದೂರದ ನೆಂಟರ ಮನೆಗೆ ಕಳಿಸಿದರು, ಎಷ್ಟೋ ಮಕ್ಕಳು ಮನೆಯಲ್ಲೇ ಉಳಿದರು.

ಆ ಹಾಳೆಯಲ್ಲಿ ಬಿಳಿಯರೆಲ್ಲ ಕೆಟ್ಟವರು ಎಂದು ಎಲ್ಲೂ ಇರಲಿಲ್ಲ. ಈ ಪಾಠ ಹೊಸದೂ ಅಲ್ಲ. ‘ಮ್ಯಾಸಿವ್ ರೆಸಿಸ್ಟೆನ್ಸ್’ ಎಂಬ ಹೆಸರಿನಲ್ಲಿ ಇದು ವರ್ಜೀನಿಯಾದ ನಾಲ್ಕನೇ ತರಗತಿ ಪಠ್ಯದಲ್ಲಿ ಈ ಗಲಾಟೆಗೂ ಎಷ್ಟೋ ವರ್ಷ ಮುಂಚಿನಿಂದ ಇದೆ. ಆದರೆ ಗುಂಪಿನಲ್ಲಿ ಇದರ ಫೋಟೊ ಹಾಕಿದಾಗ ಬಂದ ಮೊದಲ ಉತ್ತರ ‘ನೋಡಿ, ಇದೇ ಸಿಆರ್‌ಟಿ’. ಅಂದರೆ ಕ್ರಿಟಿಕಲ್ ರೇಸ್ ಥಿಯರಿ, ಜನಾಂಗ ಭೇದ ಕಾನೂನು ವ್ಯವಸ್ಥೆಯಲ್ಲೇ ಬೇರೂರಿದೆ ಎನ್ನುವ ವಾದ.

ನನಗೆ ಹೊಟ್ಟೆ ಉರಿಯಿತು. ನಿಮ್ಮ ಮಕ್ಕಳ ಪಾಠ ನೀವೇ ಕಣ್ಣಾರೆ ನೋಡಿದ್ದೀರಾ? ನೋಡಿದವರು ಬರೆಯಿರಿ. ಯಾವ ಪಕ್ಷದವರಾದರೂ ಪರವಾಗಿಲ್ಲ.

ಫೇರ್‌ಫ್ಯಾಕ್ಸ್ ಅಪ್ಪ

ಮೇಡಂ, ನಾನು 2021ರ ವರ್ಜೀನಿಯಾ ಗವರ್ನರ್ ಚುನಾವಣೆಯಲ್ಲಿ ರಿಪಬ್ಲಿಕನ್ ಪಕ್ಷದ ಯಂಗ್‌ಕಿನ್‌ಗೆ ಓಟು ಹಾಕಿದವನು. ಅದಕ್ಕೆ ಮುಂಚೆ ಡೆಮಾಕ್ರಟಿಕ್ ಪಕ್ಷಕ್ಕೇ ಹಾಕುತ್ತಿದ್ದೆ. ಯಾಕೆ ಬದಲಾದೆ ಎಂದು ಹೇಳುತ್ತೇನೆ, ದಯವಿಟ್ಟು ಪೂರ್ತಿ ಕೇಳಿ.

ಗುಲಾಮಗಿರಿ ಕಲಿಸಬಾರದು ಎಂದು ನಾನು ಯಾವತ್ತೂ ಹೇಳಿಲ್ಲ. ನನ್ನ ಸಿಟ್ಟು ಬೇರೆ. 2020ರಲ್ಲಿ ಶಾಲೆಗಳು ಬಾಗಿಲು ಹಾಕಿದ್ದವು. ನನ್ನ ಮಗ ಬೆಡ್‌ರೂಮಿನಲ್ಲಿ ಲ್ಯಾಪ್‌ಟಾಪ್ ಮುಂದೆ ಒರಗಿಕೊಂಡು ಏಳನೇ ಕ್ಲಾಸು ಮುಗಿಸಿದ. ಆ ಹೊತ್ತಿನಲ್ಲೇ ನಮ್ಮ ಫೇರ್‌ಫ್ಯಾಕ್ಸ್ ಕೌಂಟಿಯ ಶಾಲಾ ಆಡಳಿತ, ಜನಾಂಗ ಭೇದದ ವಿರುದ್ಧ ಬರೆಯುವ ಲೇಖಕ ಇಬ್ರಮ್ ಕೆಂಡಿಯವರ ಒಂದು ಗಂಟೆಯ ಆನ್‌ಲೈನ್ ಮಾತಿಗೆ 20,000 ಡಾಲರ್ ಕೊಟ್ಟಿತು. ಅದೇ ವರ್ಷ ಇಲ್ಲಿನ ಹೆಸರಾಂತ ವಿಜ್ಞಾನ ಶಾಲೆಯಾದ ಥಾಮಸ್ ಜೆಫರ್ಸನ್ ಹೈಸ್ಕೂಲಿನ ಪ್ರವೇಶ ಪರೀಕ್ಷೆ ತೆಗೆದುಹಾಕಿದರು. ಹೊಸ ಪದ್ಧತಿಯ ಮೊದಲ ವರ್ಷವೇ ಏಷ್ಯಾ ಮೂಲದ ಮಕ್ಕಳ ಪಾಲು ನೂರಕ್ಕೆ 73ರಿಂದ 54ಕ್ಕೆ ಇಳಿಯಿತು. ಪೋಷಕರು ಕೇಸು ಹಾಕಿದರು, 2022ರಲ್ಲಿ ಕೆಳಗಿನ ಕೋರ್ಟಿನಲ್ಲಿ ಗೆದ್ದರು, 2023ರಲ್ಲಿ ಮೇಲ್ಮನವಿಯಲ್ಲಿ ಸೋತರು, 2024ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಕೇಸನ್ನು ಕೈಗೆತ್ತಿಕೊಳ್ಳಲೇ ಇಲ್ಲ.

ಇನ್ನು ನಿಮ್ಮ ಲೌಡನ್. ‘ನಮ್ಮಲ್ಲಿ ಕ್ರಿಟಿಕಲ್ ರೇಸ್ ಥಿಯರಿ ಇಲ್ಲವೇ ಇಲ್ಲ’ ಎಂದು ಅಧಿಕಾರಿಗಳು ಹೇಳುತ್ತಲೇ ಇದ್ದರು. ಆದರೆ ಸಿಬ್ಬಂದಿಗೆ ತರಬೇತಿ ಕೊಟ್ಟ ಸಲಹಾ ಸಂಸ್ಥೆಯ ಬಿಲ್‌ನಲ್ಲೇ ಆ ಪದ ಇತ್ತು. ಮಕ್ಕಳ ಪಠ್ಯದಲ್ಲಿ ಇಲ್ಲ, ಸಿಬ್ಬಂದಿಯ ತರಬೇತಿಯಲ್ಲಿ ಇದೆ ಎಂದು ನೇರವಾಗಿ ಹೇಳಿದ್ದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತಿತ್ತು. ಮುಚ್ಚಿಟ್ಟರು. ಮುಚ್ಚಿಟ್ಟದ್ದನ್ನು ಯಾರೋ ಬಿಚ್ಚಿದಾಗ ನಂಬಿಕೆ ಹೋಯಿತು. ಯಂಗ್‌ಕಿನ್ ಎದುರು ನಿಂತಿದ್ದ ಡೆಮಾಕ್ರಟ್ ಮೆಕಾಲಿಫ್ ಅವರು 2021ರ ಚುನಾವಣಾ ಚರ್ಚೆಯಲ್ಲಿ, ಶಾಲೆ ಏನು ಕಲಿಸಬೇಕೆಂದು ಪೋಷಕರು ಹೇಳಬೇಕಿಲ್ಲ ಎಂಬ ಅರ್ಥದ ಮಾತಾಡಿದರಲ್ಲ, ಆ ದಿನ ನನ್ನ ಓಟು ಆ ಕಡೆಯಿಂದ ಈ ಕಡೆ ಬಂತು.

ಟೀಚರಮ್ಮ

ಫೇರ್‌ಫ್ಯಾಕ್ಸ್ ಸರ್, ಬಿಲ್ ವಿಷಯದಲ್ಲಿ ನಿಮ್ಮ ಮಾತು ಸರಿ. ನಾನು ಇಲ್ಲೇ ಒಂದು ಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಕೆಲವು ತರಬೇತಿಗಳು ನಮಗೂ ಹಿಡಿಸಲಿಲ್ಲ. ಒಂದು ದಿನ ಪೂರ್ತಿ ಸ್ಲೈಡ್ ನೋಡಿದ್ದೇನೆ, ಅದರಲ್ಲಿ ಮರುದಿನ ಕ್ಲಾಸಿಗೆ ಒಯ್ಯುವಂಥದ್ದು ಏನೂ ಇರಲಿಲ್ಲ.

ಆದರೆ ಆಮೇಲೆ ಏನಾಯಿತು ಎಂಬುದನ್ನೂ ಕೇಳಿ. ಯಂಗ್‌ಕಿನ್ ಅವರು 2022ರ ಜನವರಿ 15ರಂದು ಅಧಿಕಾರ ವಹಿಸಿಕೊಂಡ ದಿನವೇ ಹೊರಡಿಸಿದ ಮೊದಲ ಆದೇಶ ಈ ಬಗ್ಗೆಯೇ. ‘ಮೂಲತಃ ಒಡಕು ತರುವ ವಿಚಾರಗಳು’ ಶಾಲೆಯಲ್ಲಿ ಬೇಡ ಎಂದು. ಅದೇ ತಿಂಗಳು, ಅಂಥ ಪಾಠ ಕಂಡರೆ ದೂರು ಕಳಿಸಿ ಎಂದು ಪೋಷಕರಿಗೆ ಒಂದು ಇ-ಮೇಲ್ ವಿಳಾಸ ಕೊಟ್ಟರು. ಯಾವ ಪಾಠ ಒಡಕಿನದು, ಯಾವುದು ಅಲ್ಲ? ನಾನು 1951ರ ಬಾರ್ಬರಾ ಜಾನ್ಸ್ ಕಥೆ ಹೇಳುತ್ತೇನೆ. ಪ್ರಿನ್ಸ್ ಎಡ್ವರ್ಡ್ ಕೌಂಟಿಯ ಫಾರ್ಮ್‌ವಿಲ್ ಊರಿನ ಹುಡುಗಿ, 16 ವರ್ಷ. ಟಾರ್ ಕಾಗದ ಹೊದಿಸಿದ ಶೆಡ್ಡಿನಲ್ಲಿ ಪಾಠ ಕೇಳಲಾರೆವು ಎಂದು ಇಡೀ ಶಾಲೆಯ ಮಕ್ಕಳನ್ನು ಹೊರಗೆ ಕರೆತಂದಳು. ಅದರಿಂದ ಹುಟ್ಟಿದ ಕೇಸು ಕೊನೆಗೆ, ಶಾಲೆಗಳಲ್ಲಿ ಕಪ್ಪು-ಬಿಳಿ ಮಕ್ಕಳನ್ನು ಬೇರೆ ಇಡುವುದು ಸಂವಿಧಾನಕ್ಕೆ ವಿರುದ್ಧ ಎಂದ 1954ರ ಬ್ರೌನ್ ತೀರ್ಪಿನಲ್ಲಿ ಸೇರಿಕೊಂಡಿತು. ಇದನ್ನು ಹೇಳುವಾಗ ಮಕ್ಕಳು ಬೆನ್ನು ನೇರ ಮಾಡಿ ಕೂರುತ್ತಾರೆ ಸರ್, ಅವರ ವಯಸ್ಸಿನವಳೇ ಮಾಡಿದ ಕೆಲಸ ಅಲ್ವಾ.

ಆ ವರ್ಷ ಈ ಪಾಠ ಶುರು ಮಾಡುವಾಗ ನನ್ನ ಕೈ ಬೆವರುತ್ತಿತ್ತು. ಯಾವ ಮಗು ಮನೆಗೆ ಹೋಗಿ ಏನು ಹೇಳುತ್ತದೋ, ಯಾರು ಎಲ್ಲಿಗೆ ಬರೆಯುತ್ತಾರೋ. ಪಕ್ಕದ ಕ್ಲಾಸಿನವರು ಸುಮ್ನೆ ಯಾಕೆ ತಲೆನೋವು ಎಂದು ವರ್ಕ್‌ಶೀಟ್ ಹಂಚಿ ಮುಗಿಸಿದರು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಸದ್ದಿಲ್ಲದೆ ಆ ವಿಳಾಸ ಮುಚ್ಚಿದರು. ಹೆದರಿಕೆ ಮಾತ್ರ ಅಷ್ಟು ಬೇಗ ಹೋಗಲಿಲ್ಲ.

ಪೋಷಕರು ಕೇಳಬಾರದು ಎಂದು ನಾನು ಹೇಳುತ್ತಿಲ್ಲ. ದಯವಿಟ್ಟು ಕೇಳಿ. ನನ್ನನ್ನು ಕೇಳಿ. ಹಾಳೆ ಕೊಡುತ್ತೇನೆ, ಪುಸ್ತಕ ಕೊಡುತ್ತೇನೆ, ಬಂದು ಹಿಂದಿನ ಬೆಂಚಿನಲ್ಲಿ ಕೂರಿ. ನನ್ನನ್ನು ಒಂದು ಮಾತೂ ಕೇಳದೆ ಗವರ್ನರ್‌ಗೆ ಬರೆದರೆ ನಾನು ಹೇಗೆ ಪಾಠ ಮಾಡಲಿ?

ಟೆಕ್ಸಾಸ್ ಕನ್ನಡಿಗ

ನಾವು ಡಲ್ಲಾಸ್ ಹತ್ತಿರ. ನಮ್ಮ ಪಕ್ಕದ ಸೌತ್‌ಲೇಕ್‌ನಲ್ಲಿ ನಡೆದದ್ದು ಇದಕ್ಕಿಂತ ಮುಂಚಿನದು. 2018ರಲ್ಲಿ ಅಲ್ಲಿನ ಹೈಸ್ಕೂಲ್ ಮಕ್ಕಳು ಕಪ್ಪು ಜನರನ್ನು ಬೈಯುವ ಪದ ಕೂಗುತ್ತಿದ್ದ ವಿಡಿಯೊ ಹೊರಬಂತು. ಶಾಲೆಯವರು ಸಮಿತಿ ಮಾಡಿ, ಜನಾಂಗ ನಿಂದನೆ ತಡೆಯಲು ಒಂದು ಯೋಜನೆ ಬರೆದರು. ಅದರ ವಿರುದ್ಧ ಪೋಷಕರು ಎದ್ದರು. 2021ರ ಮೇ ತಿಂಗಳ ಸ್ಕೂಲ್ ಬೋರ್ಡ್ ಚುನಾವಣೆಯಲ್ಲಿ ವಿರೋಧಿಗಳು ಸುಮಾರು ನೂರಕ್ಕೆ 70 ಓಟು ಪಡೆದು ಗೆದ್ದರು.

ಅದೇ ಅಕ್ಟೋಬರ್‌ನಲ್ಲಿ ಏನಾಯಿತು ಗೊತ್ತಾ? ವಿವಾದದ ವಿಷಯಗಳಲ್ಲಿ ಎರಡೂ ಕಡೆಯ ಮಾತು ಇರಬೇಕು ಎಂಬಂಥ ಹೊಸ ಕಾನೂನು ರಾಜ್ಯದಲ್ಲಿ ಬಂದಿತ್ತು. ಅದನ್ನು ವಿವರಿಸುತ್ತಾ ಒಬ್ಬ ಅಧಿಕಾರಿ, ಯಹೂದಿಗಳ ನರಮೇಧದ ಬಗ್ಗೆ ಪುಸ್ತಕ ಇಟ್ಟರೆ ಅದಕ್ಕೆ ಎದುರಾದ ದೃಷ್ಟಿಯ ಪುಸ್ತಕವೂ ಇರಲಿ ಎಂದು ಶಿಕ್ಷಕರಿಗೆ ಹೇಳಿದರು. ಯಾರೋ ರೆಕಾರ್ಡ್ ಮಾಡಿದ್ದರು, ಎನ್‌ಬಿಸಿ ಪ್ರಸಾರ ಮಾಡಿತು, ಶಾಲಾ ಆಡಳಿತ ಕ್ಷಮೆ ಕೇಳಿತು. ಆ ಅಧಿಕಾರಿ ಕೆಟ್ಟವರು ಎಂದು ನನಗೆ ಅನಿಸಲಿಲ್ಲ. ಕಾನೂನನ್ನು ಅಷ್ಟು ಗಾಬರಿಯಿಂದ ಓದಿದ್ದರು, ಅಷ್ಟೇ.

ಲೌಡನ್‌ನಲ್ಲಿ ಬೆಳೆದವಳು

ನಮಸ್ಕಾರ ಆಂಟಿ, ಅಂಕಲ್. ನಾನು ಈಗ ಕಾಲೇಜಿನಲ್ಲಿದ್ದೇನೆ. ಕನ್ನಡ ಟೈಪ್ ಮಾಡುವುದು ನಿಧಾನ, ತಪ್ಪಿದ್ದರೆ ತಿದ್ದಿ.

ನೀವೆಲ್ಲ 2021ರಿಂದ ಶುರು ಮಾಡುತ್ತೀರಿ. ಮಕ್ಕಳಾದ ನಮಗೆ ಅದು ಮುಂಚೆಯೇ ಶುರುವಾಗಿತ್ತು. ಆಶ್‌ಬರ್ನ್‌ನಲ್ಲಿ 1892ರ ಒಂದು ಪುಟ್ಟ ಮರದ ಶಾಲೆ ಇದೆ, ಕಪ್ಪು ಮಕ್ಕಳಿಗಾಗಿ ಇದ್ದದ್ದು, ಒಂದೇ ಕೋಣೆ. 2016ರಲ್ಲಿ ಅದರ ಗೋಡೆಯ ಮೇಲೆ ಹೈಸ್ಕೂಲ್ ಹುಡುಗರು ನಾಜಿ ಚಿಹ್ನೆ ಬಳಿದರು, ‘ವೈಟ್ ಪವರ್’ ಎಂದು ಬರೆದರು. ಅವರಿಗೆ ಸಿಕ್ಕಿದ ಶಿಕ್ಷೆ ಪುಸ್ತಕ ಓದುವುದು, ಓದಿ ವರದಿ ಬರೆಯುವುದು. ನನಗೆ ಅದು ಇಷ್ಟವಾಯಿತು. 2019ರಲ್ಲಿ ಲೌಡನ್‌ನದೇ ಒಂದು ಪ್ರಾಥಮಿಕ ಶಾಲೆಯ ಆಟದ ಪೀರಿಯಡ್‌ನಲ್ಲಿ, ಗುಲಾಮರು ತಪ್ಪಿಸಿಕೊಂಡು ಓಡುವುದನ್ನು ಮಕ್ಕಳಿಂದ ಆಟದಂತೆ ಆಡಿಸಿದರು. ಹೂಪ್ ದಾಟುವುದು, ಅಡಚಣೆ ದಾಟುವುದು. ಶಾಲೆ ಆಮೇಲೆ ಕ್ಷಮೆ ಕೇಳಿತು.

ಆ ಸಲಹಾ ಸಂಸ್ಥೆಯನ್ನು ಕರೆಸಿದ್ದೂ 2019ರಲ್ಲೇ. ಯಾಕೆ ಕರೆಸಿದರು ಎಂಬುದನ್ನು ಬಿಟ್ಟು ಎಷ್ಟು ದುಡ್ಡು ಕೊಟ್ಟರು ಎಂಬುದನ್ನು ಮಾತ್ರ ಹೇಳುತ್ತಾರೆ.

ಲೀಸ್‌ಬರ್ಗ್‌ನ ಡಗ್ಲಸ್ ಶಾಲೆ ನೋಡಿದ್ದೀರಾ ಆಂಟಿ? ಕಪ್ಪು ಮಕ್ಕಳಿಗೆ ಹೈಸ್ಕೂಲ್ ಕಟ್ಟಿಕೊಡಲು ಕೌಂಟಿ ಮೀನಮೇಷ ಎಣಿಸುತ್ತಿತ್ತು. ಆ ಮಕ್ಕಳ ಅಪ್ಪ ಅಮ್ಮಂದಿರೇ ಚಂದಾ ಎತ್ತಿ ಜಾಗ ಕೊಂಡು, ಒಂದು ಡಾಲರ್‌ಗೆ ಸ್ಕೂಲ್ ಬೋರ್ಡ್‌ಗೆ ಬರೆದುಕೊಟ್ಟರು. 1941ರಲ್ಲಿ ಶಾಲೆ ಶುರುವಾಯಿತು. ಪೋಷಕರ ಹಕ್ಕು ಎಂದು ಎಲ್ಲರೂ ಹೇಳುವಾಗ ನನಗೆ ಮೊದಲು ನೆನಪಾಗುವುದು ಆ ಪೋಷಕರು.

ಆಶ್‌ಬರ್ನ್ ಅಮ್ಮ

ಪುಟ್ಟೀ, ನಿನ್ನ ಕನ್ನಡದಲ್ಲಿ ತಿದ್ದುವುದು ಏನೂ ಇಲ್ಲ. ಡಗ್ಲಸ್ ಶಾಲೆಯ ಮುಂದೆ ಎಷ್ಟು ಸಲ ಕಾರಿನಲ್ಲಿ ಹೋಗಿದ್ದೇನೋ, ಇಳಿದು ನೋಡಿಲ್ಲ.

ಫೇರ್‌ಫ್ಯಾಕ್ಸ್ ಅಪ್ಪ

ಒಂದು ಡಾಲರ್ ಕಥೆ ನನಗೆ ಗೊತ್ತಿರಲಿಲ್ಲ. ಮಗನಿಗೂ ಹೇಳುತ್ತೇನೆ.

ಆದರೆ ನಂಬಿಕೆಯ ಪ್ರಶ್ನೆ ಹಾಗೇ ಉಳಿಯುತ್ತದೆ. 2021ರ ಮೇ ತಿಂಗಳಲ್ಲಿ ಲೌಡನ್‌ನ ಹೈಸ್ಕೂಲ್ ಶೌಚಾಲಯದಲ್ಲಿ ಒಬ್ಬ ಹುಡುಗಿಯ ಮೇಲೆ ಲೈಂಗಿಕ ದೌರ್ಜನ್ಯವಾಯಿತು. ಜೂನ್ 22ರ ಬೋರ್ಡ್ ಸಭೆಯಲ್ಲಿ, ಶೌಚಾಲಯಗಳಲ್ಲಿ ಅಂಥ ಘಟನೆಯ ದಾಖಲೆ ತಮಗೆ ತಿಳಿದಿಲ್ಲ ಎಂದು ಕೌಂಟಿ ಶಾಲೆಗಳ ಮುಖ್ಯಸ್ಥರಾದ ಸೂಪರಿಂಟೆಂಡೆಂಟ್ ಹೇಳಿದರು. ಅದೇ ಸಭೆಯಲ್ಲಿ ಆ ಹುಡುಗಿಯ ಅಪ್ಪನನ್ನು ಪೊಲೀಸರು ಎಳೆದೊಯ್ದರು. ಟಿವಿಯಲ್ಲಿ ಆ ಅಪ್ಪ ‘ಗಲಾಟೆ ಮಾಡುವ ಪೋಷಕ’ ಆದರು. ಆ ಹುಡುಗ ಬೇರೆ ಶಾಲೆಗೆ ಹೋಗಿ ಅಕ್ಟೋಬರ್‌ನಲ್ಲಿ ಇನ್ನೊಬ್ಬ ಹುಡುಗಿಗೆ ಹಾಗೇ ಮಾಡಿದ. ಇದನ್ನು ಹೊರಗೆ ತಂದದ್ದು ಬಲಪಂಥದ ಒಂದು ಸುದ್ದಿತಾಣ, ದೊಡ್ಡ ಪತ್ರಿಕೆಗಳಲ್ಲ. ಇದರ ತನಿಖೆ ಮಾಡಿದ ಗ್ರ್ಯಾಂಡ್ ಜ್ಯೂರಿ ವರದಿ ಬಂದ ಮೇಲೆ, 2022ರ ಡಿಸೆಂಬರ್‌ನಲ್ಲಿ, ಬೋರ್ಡ್ ಆ ಸೂಪರಿಂಟೆಂಡೆಂಟ್‌ರನ್ನು ಕೆಲಸದಿಂದ ತೆಗೆಯಿತು.

ಇದರ ನಡುವೆ ರಾಷ್ಟ್ರೀಯ ಶಾಲಾ ಮಂಡಳಿಗಳ ಸಂಘ 2021ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಅಧ್ಯಕ್ಷರಿಗೆ ಪತ್ರ ಬರೆದು, ಸಭೆಗಳಲ್ಲಿ ನಡೆಯುವ ಬೆದರಿಕೆಗಳನ್ನು ದೇಶದೊಳಗಿನ ಭಯೋತ್ಪಾದನೆಗೆ ಹೋಲಿಸಿತು. ತಿಂಗಳೊಳಗೆ ಕ್ಷಮೆ ಕೇಳಿತು, ನಿಜ. ಆದರೆ ಎರಡು ಮಕ್ಕಳ ಅಪ್ಪ, ಟ್ಯಾಕ್ಸ್ ಕಟ್ಟುವವನು, ಸಭೆಗೆ ಹೋಗಿ ಎರಡು ನಿಮಿಷ ಮಾತಾಡುವವನು, ಆ ಪದ ಓದಿದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ.

ಟೀಚರಮ್ಮ

ಆ ಹುಡುಗಿಯರ ವಿಷಯದಲ್ಲಿ ಶಾಲಾ ಆಡಳಿತ ಮಾಡಿದ್ದು ದೊಡ್ಡ ತಪ್ಪು. ಅದಕ್ಕೆ ಆದರೆಗೀದರೆ ಇಲ್ಲ.

ಒಂದು ವಿವರ ಮಾತ್ರ ಸೇರಿಸುತ್ತೇನೆ. ಟ್ರಾನ್ಸ್‌ಜೆಂಡರ್ ಮಕ್ಕಳು ತಾವು ಗುರುತಿಸಿಕೊಳ್ಳುವ ಲಿಂಗದ ಶೌಚಾಲಯ ಬಳಸಬಹುದು ಎಂಬ ನಿಯಮದಿಂದಲೇ ಇದಾಯಿತು ಎಂದು ಆಗ ಎಲ್ಲ ಕಡೆ ಹರಡಿತು. ಬೋರ್ಡ್ ಆ ನಿಯಮವನ್ನು ಪಾಸು ಮಾಡಿದ್ದು ಆಗಸ್ಟ್‌ನಲ್ಲಿ. ಘಟನೆ ಮೇ ತಿಂಗಳದ್ದು. ಒಂದು ಕಡೆಯವರು ಸುದ್ದಿಯನ್ನೇ ತಡವಾಗಿ ಕೊಟ್ಟರು, ಇನ್ನೊಂದು ಕಡೆಯವರು ತಾರೀಖು ನುಂಗಿದರು.

ಸಿಆರ್‌ಟಿ ಪದದ ಕಥೆಯೂ ಹಾಗೇ. 1970, 80ರ ದಶಕದಲ್ಲಿ ಡೆರಿಕ್ ಬೆಲ್, ಕಿಂಬರ್ಲೆ ಕ್ರೆನ್‌ಶಾ ಅವರಂಥ ಕಾನೂನು ಪ್ರಾಧ್ಯಾಪಕರು ಕಟ್ಟಿದ ವಾದ ಅದು. ಕಾನೂನು ಬದಲಾದರೂ ಭೇದ ಯಾಕೆ ಉಳಿಯುತ್ತದೆ ಎಂಬ ಪ್ರಶ್ನೆ. ಲಾ ಕಾಲೇಜಿನ ಹೊರಗೆ ಅದನ್ನು ಕೇಳಿದವರೇ ಕಡಿಮೆ. 2020ರ ಸೆಪ್ಟೆಂಬರ್‌ನಲ್ಲಿ ಬಲಪಂಥದ ಹೋರಾಟಗಾರ ಕ್ರಿಸ್ಟೋಫರ್ ರೂಫೊ ಫಾಕ್ಸ್ ನ್ಯೂಸ್‌ನಲ್ಲಿ ಇದರ ಬಗ್ಗೆ ಮಾತಾಡಿದರು, ಅದೇ ತಿಂಗಳು ಟ್ರಂಪ್ ಸರ್ಕಾರಿ ತರಬೇತಿಗಳ ಮೇಲೆ ಆದೇಶ ಹೊರಡಿಸಿದರು. ಮುಂದಿನ ಮಾರ್ಚ್‌ನಲ್ಲಿ ರೂಫೊ ಅವರೇ ಟ್ವಿಟರ್‌ನಲ್ಲಿ ಬಹಿರಂಗವಾಗಿ ಬರೆದರು: ಪತ್ರಿಕೆಯಲ್ಲಿ ಏನಾದರೂ ಹುಚ್ಚುತನ ಓದಿದ ತಕ್ಷಣ ಜನರ ಬಾಯಿಗೆ ಈ ಹೆಸರೇ ಬರಬೇಕು, ಅದೇ ನಮ್ಮ ಗುರಿ ಎಂಬ ಅರ್ಥದಲ್ಲಿ. ಆಶ್‌ಬರ್ನ್ ಅಕ್ಕನ ಗುಂಪಿನಲ್ಲಿ ಆದದ್ದು ಅದೇ ಅಲ್ವಾ? 1959ರ ಘಟನೆ, ನಾಲ್ಕನೇ ಕ್ಲಾಸಿನ ಪಾಠ, ಅದಕ್ಕೂ ಅದೇ ಹೆಸರು.

ಫ್ರೀಮಾಂಟ್‌ನಿಂದ

ಕ್ಯಾಲಿಫೋರ್ನಿಯಾದವನು. ಇಲ್ಲಿ ಯಾರೂ ಹೇಳದ ಒಂದು ಮಾತು ಹೇಳಲೇಬೇಕು.

2005ರಲ್ಲಿ ನಮ್ಮ ರಾಜ್ಯದ ಆರನೇ ತರಗತಿ ಪುಸ್ತಕಗಳಲ್ಲಿ ಪ್ರಾಚೀನ ಭಾರತದ ಪಾಠದ ಬಗ್ಗೆ ಹಿಂದೂ ಸಂಘಟನೆಗಳು ತಿದ್ದುಪಡಿ ಕೇಳಿದವು. ಜಾತಿ, ಹೆಂಗಸರ ಸ್ಥಾನ, ಆರ್ಯರ ವಲಸೆ. ಇನ್ನೊಂದು ಕಡೆ ಚರಿತ್ರೆಕಾರರು, ದಲಿತ ಸಂಘಟನೆಗಳು ವಿರೋಧಿಸಿದರು. ಕೋರ್ಟಿಗೂ ಹೋಯಿತು. 2016ರ ಹೊತ್ತಿಗೆ ಮತ್ತೆ ಅದೇ ಜಗಳ, ಈ ಸಲ ‘ಭಾರತ’ ಎನ್ನಬೇಕೋ ‘ದಕ್ಷಿಣ ಏಷ್ಯಾ’ ಎನ್ನಬೇಕೋ ಎಂದು. ನಾನು ಹಿಂದೂ ಪೋಷಕರ ಪರವಾಗಿ ಹೋಗಿ ಮಾತಾಡಿದವನು. ಕ್ಲಾಸಿನಲ್ಲಿ ನನ್ನ ಮಗಳನ್ನು ‘ನೀನು ಯಾವ ಜಾತಿ’ ಎಂದು ಕೇಳಿದ್ದರು. ಅವಳು ಮನೆಗೆ ಬಂದು ಅತ್ತಳು. ನನ್ನ ಮಗು ತನ್ನ ಬಗ್ಗೆ ನಾಚಿಕೊಳ್ಳಬಾರದು ಎಂದು ಮೈಕ್ ಹಿಡಿದು ಹೇಳಿದೆ.

ಈಗ ವರ್ಜೀನಿಯಾದ ಬಿಳಿ ತಾಯಿ ಅದೇ ಮಾತು ಹೇಳುತ್ತಿದ್ದಾಳೆ. ಅವಳ ನೋವು ನನಗೆ ಅರ್ಥವಾಗುತ್ತದೆ. ಆದರೆ ಅಂದು ನನ್ನ ಎದುರು ಮಾತಾಡಿದವರ ಮಾತು ಈಗ ಇಷ್ಟು ವರ್ಷಗಳ ಮೇಲೆ ಅರ್ಥವಾಗುತ್ತಿದೆ. ನಿಮ್ಮ ಮಗಳಿಗೆ ನಾಚಿಕೆಯಾಗುತ್ತದೆಂದು ನಮ್ಮ ಅಜ್ಜಿಗೆ ಆದದ್ದನ್ನು ಅಳಿಸಬೇಕೇ ಎಂಬುದು ಅವರ ಪ್ರಶ್ನೆಯಾಗಿತ್ತು. ನನ್ನ ಹತ್ತಿರ ಆಗ ಉತ್ತರ ಇರಲಿಲ್ಲ. ಮಗಳನ್ನು ಹಾಗೆ ಕೇಳಿದ್ದು ತಪ್ಪು, ಆ ಮಾತಿಗೆ ಈಗಲೂ ಬದ್ಧ. ಪಾಠದಲ್ಲಿ ಜಾತಿ ಇರಬಾರದು ಎಂದು ಕೇಳಿದ್ದು ಕೂಡ ತಪ್ಪು.

ಮೈಸೂರಿನಿಂದ

ದೂರದಿಂದ ಓದುತ್ತಿದ್ದೇನೆ, ನಿವೃತ್ತ ಮೇಷ್ಟ್ರು. ಫ್ರೀಮಾಂಟ್ ಅವರೇ, ಇದನ್ನು ಹೇಳುವುದು ಸುಲಭವಲ್ಲ, ನಿಮಗೆ ನಮಸ್ಕಾರ.

2022ರಲ್ಲಿ ಇಲ್ಲಿಯೂ ಇದೇ ಆಯಿತು. ರೋಹಿತ್ ಚಕ್ರತೀರ್ಥ ಸಮಿತಿ ಪಠ್ಯ ಪರಿಷ್ಕರಿಸಿತು, ಹತ್ತನೇ ತರಗತಿ ಕನ್ನಡಕ್ಕೆ ಹೆಡಗೇವಾರ್ ಅವರ ಭಾಷಣ ಬಂತು, ದೇವನೂರ ಮಹಾದೇವ ಅವರು ತಮ್ಮ ಬರಹ ಸೇರಿಸಬೇಡಿ ಎಂದು ಅನುಮತಿ ಹಿಂಪಡೆದರು. ಭಗತ್ ಸಿಂಗ್ ಪಾಠ ಕಿತ್ತುಹಾಕಿದರು ಎಂದು ಸುದ್ದಿ, ಇಲ್ಲ ಕಿತ್ತಿಲ್ಲ ಎಂದು ಸಚಿವರು. ಅಷ್ಟರಲ್ಲಿ ಮನೆಮನೆಯಲ್ಲಿ ಜಗಳ ಆಗಿಹೋಗಿತ್ತು, ಪುಸ್ತಕ ಮಾತ್ರ ಯಾರ ಕೈಯಲ್ಲೂ ಇರಲಿಲ್ಲ. 2023ರಲ್ಲಿ ಸರ್ಕಾರ ಬದಲಾಯಿತು, ಪಾಠ ಮತ್ತೆ ಬದಲಾಯಿತು. ನನ್ನ ಮೊಮ್ಮಗ ಕೇಳಿದ, ‘ತಾತ, ಪರೀಕ್ಷೆಗೆ ಯಾವುದು ಓದಲಿ?’

ಟೆಕ್ಸಾಸ್ ಕನ್ನಡಿಗ

ಮೇಷ್ಟ್ರೇ, ನಂಬಿಕೆ ಎಷ್ಟು ಕುಸಿದಿದೆ ಎಂದರೆ, ಗ್ಯಾಲಪ್ ಸಮೀಕ್ಷೆಯ ಪ್ರಕಾರ 1976ರಲ್ಲಿ ನೂರಕ್ಕೆ 72 ಅಮೆರಿಕನ್ನರು ಮಾಧ್ಯಮವನ್ನು ನಂಬುತ್ತಿದ್ದರು. 2021ರಲ್ಲಿ 36. ಅದರಲ್ಲೂ ಡೆಮಾಕ್ರಟ್‌ಗಳಲ್ಲಿ 68, ರಿಪಬ್ಲಿಕನ್ನರಲ್ಲಿ ಬರೀ 11. 2025ಕ್ಕೆ ಒಟ್ಟು 28. ಪೇಪರ್ ನಂಬದವರು ಏನೂ ನಂಬುವುದಿಲ್ಲ ಎಂದಲ್ಲ. ಪಕ್ಕದ ಮನೆಯವರು ಕಳಿಸಿದ ವಿಡಿಯೊವನ್ನು ಜಾಸ್ತಿ ನಂಬುತ್ತಾರೆ. ನಮ್ಮ ಕಡೆ ಲೋಕಲ್ ಪತ್ರಿಕೆ ಸೊರಗಿದೆ. ಸ್ಕೂಲ್ ಬೋರ್ಡ್ ಸಭೆಗೆ ಹೋಗಿ ಕೊನೆಯವರೆಗೆ ಕೂರುವ ವರದಿಗಾರನೇ ಇಲ್ಲ. ಫೋನ್ ಹಿಡಿದವನೇ ವರದಿಗಾರ.

ಆಶ್‌ಬರ್ನ್ ಅಮ್ಮ

ಎಲ್ಲರದ್ದೂ ಎರಡೆರಡು ಸಲ ಓದಿದೆ. ಈ ನಡುವೆ ಒಂದು ಕೆಲಸ ಮಾಡಿದೆ. ಮಗಳ ಟೀಚರ್‌ಗೆ ಮೂರು ಸಾಲಿನ ಇ-ಮೇಲ್ ಬರೆದೆ, ಈ ಘಟಕದ ಎಲ್ಲ ಹಾಳೆ ನೋಡಬಹುದೇ ಎಂದು. ಮರುದಿನವೇ ಎಲ್ಲ ಕಳಿಸಿದರು, ಹನ್ನೊಂದು ಪುಟ. ಜೊತೆಗೆ ಒಂದು ಮಾತು, ‘ಈ ವರ್ಷ ಇದನ್ನು ಕೇಳಿದ ಮೊದಲ ಪೋಷಕರು ನೀವು’. ಅದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಗುಂಪಿನಲ್ಲಿ ಇನ್ನೂರು ಜನ ಇದ್ದೇವೆ.

ಹನ್ನೊಂದು ಪುಟವನ್ನೂ ಗುಂಪಿಗೆ ಹಾಕಿದ್ದೇನೆ. ಫೇರ್‌ಫ್ಯಾಕ್ಸ್ ಸರ್, ನಿಮ್ಮ ಹತ್ತಿರ ಒಂದು ಕೋರಿಕೆ. ನಿಮ್ಮ ಮಗನ ಪಾಠವನ್ನೂ ಹಾಗೇ ತರಿಸಿ ನೋಡಿ. ನಿಮಗೆ ತಪ್ಪು ಕಂಡರೆ ತಪ್ಪು ಎಂದೇ ಬರೆಯಿರಿ.

ಫೇರ್‌ಫ್ಯಾಕ್ಸ್ ಅಪ್ಪ

ತರಿಸಿದೆ ಮೇಡಂ. ಅಮೆರಿಕ ಚರಿತ್ರೆ, ಅಂತರ್ಯುದ್ಧ ಆದ ಮೇಲಿನ ಭಾಗ. ಶನಿವಾರ ಬೆಳಿಗ್ಗೆ ಕಾಫಿ ಹಿಡಿದುಕೊಂಡು ಮಗನ ಜೊತೆ ಕೂತು ಓದಿದೆ. ಇಪ್ಪತ್ತಾರು ಪುಟ. ಕಪ್ಪು ಜನರ ಓಟು ತಪ್ಪಿಸಲು ವರ್ಜೀನಿಯಾ 1902ರಲ್ಲಿ ಹೊಸ ಸಂವಿಧಾನವನ್ನೇ ಬರೆದು ತಲೆಗಂದಾಯ ಹಾಕಿತ್ತು ಎಂಬುದು ನನಗೆ ಹೊಸ ವಿಷಯ. ಪಾಠ ಚೆನ್ನಾಗಿದೆ. ತಗಾದೆ ಇಲ್ಲ.

ಕೊನೆಯ ಪುಟದ ಆರನೇ ಪ್ರಶ್ನೆ ಮಾತ್ರ ಒಪ್ಪಿಗೆಯಾಗಲಿಲ್ಲ. ‘ನಿಮ್ಮ ಜನಾಂಗದಿಂದ ನಿಮಗೆ ಸಿಕ್ಕಿರುವ ಅನುಕೂಲಗಳನ್ನು ಪಟ್ಟಿ ಮಾಡಿ’ ಎಂದಿದೆ. ಹೈಸ್ಕೂಲ್ ಹುಡುಗ ಇದನ್ನು ಅಂಕಕ್ಕಾಗಿ ಬರೆಯಬೇಕೇ? ಮಗ ಹೇಳಿದ, ‘ಅಪ್ಪಾ, ನಾನು ಅದನ್ನ ಖಾಲಿ ಬಿಟ್ಟೆ, ಟೀಚರ್ ಏನೂ ಅನ್ನಲಿಲ್ಲ’. ಆದರೂ ಕೇಳುತ್ತೇನೆ. ಬೋರ್ಡ್‌ಗೆ ಅಲ್ಲ, ಗುಂಪಿಗೆ ಅಲ್ಲ, ಆ ಟೀಚರ್‌ಗೇ ಬರೆಯುತ್ತಿದ್ದೇನೆ. ಟೀಚರಮ್ಮ ಅವರೇ, ನನ್ನ ಪತ್ರ ಕಳಿಸುವ ಮೊದಲು ಒಂದು ಸಲ ಓದುತ್ತೀರಾ? ಖಾರ ಜಾಸ್ತಿ ಆಗಿದ್ದರೆ ಹೇಳಿ.

ಟೀಚರಮ್ಮ

ಕಳಿಸಿ ಸರ್. ಇವತ್ತು ರಾತ್ರಿಯೇ ಓದುತ್ತೇನೆ. ಆ ಆರನೇ ಪ್ರಶ್ನೆಯನ್ನು ನಾನಾಗಿದ್ದರೂ ಇಡುತ್ತಿರಲಿಲ್ಲ.